ಬೇರಿಗೆ ದಾರಿ ತೋರುವವರು ಯಾರು?

ಬಿತ್ತನೆ ಮಾಡುವಾಗ ರೈತ ಒಂದೊಂದು ಕಾಳನ್ನೂ ನೆಟ್ಟಗೆ ಇಡುವುದಿಲ್ಲ. ಕೂರಿಗೆಯಿಂದ ಉದುರಿದ ಕಾಳು ಮಗುಚಿ ಬಿದ್ದರೂ ಬೇರು ಕೆಳಕ್ಕೇ ಇಳಿಯುತ್ತದೆ, ಮೊಳಕೆ ಮೇಲಕ್ಕೇ ಏಳುತ್ತದೆ. ಮಣ್ಣಿನ ಕತ್ತಲೆಯಲ್ಲಿ ಅವುಗಳಿಗೆ ದಿಕ್ಕು ತಿಳಿಯುವುದು ಹೇಗೆ?

ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ಎಂಬ ಸಸ್ಯಪ್ರೇಮಿ ನೀರಿನ ರಭಸಕ್ಕೆ ತಿರುಗುವ ಚಕ್ರದ ಅಂಚಿಗೆ ಹುರುಳಿಕಾಯಿ ಜಾತಿಯ ಬೀಜಗಳನ್ನು ಕಟ್ಟಿ ಮೊಳಕೆ ಬರಿಸಿದ. ಬೇರುಗಳೆಲ್ಲ ಚಕ್ರದ ಹೊರಕ್ಕೆ, ಕಾಂಡಗಳೆಲ್ಲ ಚಕ್ರದ ನಡುವಿಗೆ ಬೆಳೆದವು! ತಿರುಗುವಾಗ ಉಂಟಾಗುವ ಬಲವನ್ನೇ ಅವು ಭೂಮಿಯ ಸೆಳೆತವೆಂದು ತಿಳಿದಿದ್ದವು. 1806ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಸಸ್ಯಕ್ಕೆ ದಿಕ್ಕು ತೋರುವುದು ಗುರುತ್ವವೆಂದು ಖಚಿತವಾಯಿತು. ಇದೇ ಗುರುತ್ವಾನುವರ್ತನೆ.

ಗುರುತ್ವವನ್ನು ಬೇರು ಅರಿಯುವುದು ತನ್ನ ತುದಿಯಿಂದ. ತುದಿಯ ಟೊಪ್ಪಿಗೆಯಂಥ ಭಾಗದ ಕೋಶಗಳಲ್ಲಿ ಪಿಷ್ಟ ತುಂಬಿದ ಸೂಕ್ಷ್ಮ ಕಣಗಳಿವೆ. ಲೋಟದ ನೀರಿನಲ್ಲಿ ಮರಳು ತಂಗುವಂತೆ ಅವು ಕೋಶದ ತಳಕ್ಕೆ ಇಳಿಯುತ್ತವೆ. ಬೇರು ಅಡ್ಡವಾದರೆ ಕಣಗಳು ಹೊಸ ತಳಕ್ಕೆ ಸರಿಯುತ್ತವೆ. ಆಗ ಆಕ್ಸಿನ್ ಎಂಬ ಹಾರ್ಮೋನು ಬೇರಿನ ಕೆಳಮಗ್ಗುಲಲ್ಲಿ ಹೆಚ್ಚು ಸೇರುತ್ತದೆ. ಬೇರಿನಲ್ಲಿ ಅದು ಬೆಳವಣಿಗೆಯನ್ನು ತಡೆಯುವುದರಿಂದ ಮೇಲ್ಮಗ್ಗುಲು ಹೆಚ್ಚು ಬೆಳೆದು ಬೇರು ಕೆಳಕ್ಕೆ ಬಾಗುತ್ತದೆ. ಕಾಂಡದಲ್ಲಿ ಅದೇ ಆಕ್ಸಿನ್ ಬೆಳವಣಿಗೆಯನ್ನು ಹೆಚ್ಚಿಸುತ್ತದೆ. ಆದ್ದರಿಂದ ಕಾಂಡ ಮೇಲಕ್ಕೆ ಬಾಗುತ್ತದೆ.

ಹಾಗಾದರೆ ಅಂತರಿಕ್ಷದಲ್ಲಿ? ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರಿಕ್ಷ ನಿಲ್ದಾಣದಲ್ಲಿ ಗುರುತ್ವವೇ ಇಲ್ಲ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಅಲ್ಲಿಯೂ ಭೂಮಿಯ ಸೆಳೆತ ನೆಲದ ಮೇಲಿನದರ ಶೇ. 90ರಷ್ಟಿದೆ. ಆದರೆ ನಿಲ್ದಾಣವೂ ಅದರೊಳಗಿನ ವಸ್ತುಗಳೂ ಒಟ್ಟಿಗೇ ಭೂಮಿಯತ್ತ ಬೀಳುತ್ತಾ ಸುತ್ತುತ್ತಿರುವುದರಿಂದ ತೂಕವಿಲ್ಲದಂತಾಗುತ್ತದೆ. ಪಿಷ್ಟದ ಕಣಗಳಿಗೆ ತಂಗಲು ತಳವೇ ಸಿಗದು. ಆಗ ಬೇರುಗಳು ದಿಕ್ಕು ತಪ್ಪಿದಂತೆ ಹರಡುತ್ತವೆ. ಬೆಳಕು, ತೇವಗಳೇ ಅವುಗಳಿಗೆ ಆಸರೆಯಾಗುತ್ತವೆ.

ದೂರದ ಅಂತರಿಕ್ಷಯಾನಕ್ಕೆ ಹೊರಡುವವರು ತಮ್ಮ ಆಹಾರವನ್ನು ತಾವೇ ಬೆಳೆದುಕೊಳ್ಳಬೇಕಾದೀತು. ಅದಕ್ಕೇ ಈ ಅಧ್ಯಯನಕ್ಕೆ ಮಹತ್ವ. 2025ರಲ್ಲಿ ಶುಭಾಂಶು ಶುಕ್ಲಾ ಅವರು ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯಗಳಿಗೆ ಮೊಳಕೆ ಬರಿಸಿದರು. ಆ ಪ್ರಯೋಗದ ಹಿಂದೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಗಳಿದ್ದವು.

ಮಾಡಿ ನೋಡಿ: ಗಾಜಿನ ಲೋಟದ ಒಳಗೋಡೆಗೆ ಒದ್ದೆ ಒತ್ತುಕಾಗದ ಸುತ್ತಿ, ಕಾಗದಕ್ಕೂ ಗಾಜಿಗೂ ನಡುವೆ ನೆನೆಸಿದ ಹೆಸರುಕಾಳು ಸಿಕ್ಕಿಸಿ, ಕತ್ತಲೆಯಲ್ಲಿಡಿ. ಕಾಗದ ಒಣಗದಿರಲಿ. ಬೇರು ಒಂದಂಗುಲ ಬೆಳೆದ ಮೇಲೆ, ಲೋಟವನ್ನು ಅಡ್ಡ ಮಲಗಿಸಿ ಮತ್ತೆ ಕತ್ತಲೆಯಲ್ಲಿಡಿ. ಮರುದಿನ ಬೇರಿನ ತುದಿ ಎತ್ತ ತಿರುಗಿದೆ ನೋಡಿ. ಬೆಳಕಿರಲಿಲ್ಲ; ದಾರಿ ತೋರಿದವರು ಯಾರೆಂದು ಈಗ ನೀವೇ ಹೇಳಬಲ್ಲಿರಿ.