ದಪ್ಪ ಆಗಿದೀಯಲ್ಲೇ!

ಕಳೆದ ವಾರ ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ. ಅಕ್ಕನ ಮಗಳೂ ಬಂದಿದ್ದಳು. ಸೆಕೆಂಡ್ ಪಿಯುಸಿ, ಜೊತೆಗೆ ನೀಟ್ ಕೋಚಿಂಗ್. ಊಟಕ್ಕೆ ಕೂತಾಗ ಎದುರು ಪಂಕ್ತಿಯಲ್ಲಿದ್ದ ಹಿರಿಯರೊಬ್ಬರು, "ಏನೇ, ಇಷ್ಟೊಂದು ದಪ್ಪ ಆಗಿದೀಯಲ್ಲೇ! ಬರೀ ಕೂತ್ಕೊಂಡು ತಿಂತೀಯಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗಿ ಹೋಳಿಗೆ ಮುಟ್ಟಲಿಲ್ಲ, ಪಂಕ್ತಿ ಏಳೋವರೆಗೂ ತಲೆ ಎತ್ತಲಿಲ್ಲ.

ಅವತ್ತಿನಿಂದ ಆ ನಗು ನನ್ನನ್ನೇ ಚುಚ್ತಾ ಇದೆ. ಅದಕ್ಕೇ ಈ ಬರಹ. ಖಾರ ಅನ್ನಿಸಿದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಅವಳ ದಿನಚರಿ ಕೇಳಿ. ಬೆಳಿಗ್ಗೆ ಐದಕ್ಕೆ ಏಳಬೇಕು. ಕಾಲೇಜು, ಕೋಚಿಂಗ್, ವಾರ ವಾರ ಟೆಸ್ಟು, ರ‍್ಯಾಂಕು. ಮಲಗೋದು ಹನ್ನೆರಡಕ್ಕೆ. ಹೈಸ್ಕೂಲಲ್ಲಿ ಥ್ರೋಬಾಲ್ ಆಡ್ತಿದ್ದಳು. "ಪಿಯುಸಿ ಮುಗೀಲಿ, ಆಮೇಲೆ ಆಡುವಂತೆ" ಅಂತ ಬಿಡಿಸಿದ್ದು ನಾವೇ. ನಿದ್ದೆ ಕಿತ್ಕೊಂಡಿದ್ದೂ ನಾವೇ. ಈಗ ದಪ್ಪ ಅಂತ ನಗೋರೂ ನಾವೇ!

ಒತ್ತಡ ಅಂದ್ರೆ ಬರೀ ಮನಸ್ಸಿನ ವಿಷಯ ಅಲ್ಲ. ಮೂತ್ರಪಿಂಡದ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿ ಆಗ ಕಾರ್ಟಿಸಾಲ್ ಅನ್ನೋ ಹಾರ್ಮೋನನ್ನ ಹೆಚ್ಚು ಸುರಿಸುತ್ತೆ. ಹುಲಿ ಅಟ್ಟಿಸಿಕೊಂಡು ಬಂದರೆ ಓಡೋಕೆ ಬೇಕಾದ ಸಕ್ಕರೆ ರಕ್ತಕ್ಕೆ ಸಿಗಲಿ ಅಂತ. ಹುಲಿ ಹೋದ ಮೇಲೆ ಅದೂ ಇಳಿಯುತ್ತೆ. ಆದರೆ ಹುಲಿ ಪ್ರತಿ ಭಾನುವಾರ ಪ್ರಶ್ನೆಪತ್ರಿಕೆ ಹಿಡ್ಕೊಂಡು ಬಂದರೆ? ಕೂತಲ್ಲೇ ಕೂತು, ಕಾರ್ಟಿಸಾಲ್ ಏರಿಯೇ ಇದ್ದರೆ ಸಿಹಿ, ಕರಿದ ತಿಂಡಿಯ ಆಸೆ ಹೆಚ್ಚುತ್ತೆ, ಕೊಬ್ಬು ಹೊಟ್ಟೆ ಸುತ್ತ ಸೇರುತ್ತೆ. ಎಲ್ಲರಿಗೂ ಹೀಗೇ ಆಗಲ್ಲ, ಕೆಲವರು ಊಟ ಬಿಟ್ಟು ಸೊರಗ್ತಾರೆ. ಅವರಿಗೆ "ಕಡ್ಡಿ" ಅನ್ನೋ ಬಿರುದು ರೆಡಿ ಇರುತ್ತೆ ಬಿಡಿ.

ನಿದ್ದೆ ವಿಷಯಕ್ಕೆ ಬನ್ನಿ. 2004ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು 12 ಯುವಕರನ್ನ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಹತ್ತು ಗಂಟೆ ಮಲಗಿದಾಗಿಗೆ ಹೋಲಿಸಿದರೆ ಹೊಟ್ಟೆ ತುಂಬಿತು ಅಂತ ಹೇಳೋ ಲೆಪ್ಟಿನ್ 18% ಇಳಿದಿತ್ತು, ಹಸಿವೆ ಹುಟ್ಟಿಸೋ ಗ್ರೆಲಿನ್ 28% ಏರಿತ್ತು. ಎರಡೇ ರಾತ್ರಿ! ನಮ್ಮ ಮಕ್ಕಳದ್ದು ಎರಡು ವರ್ಷ. ಹದಿಹರೆಯಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತಾರೆ ತಜ್ಞರು.

ಇನ್ನು ನಮ್ಮ ನಾಲಿಗೆ. ಅಮೆರಿಕದ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹತ್ತನೇ ವಯಸ್ಸಿನಲ್ಲಿ ಮನೆಯವರಿಂದಲೋ ಗೆಳತಿಯರಿಂದಲೋ "ನೀನು ದಪ್ಪ" ಅನ್ನಿಸಿಕೊಂಡವರು ಹತ್ತೊಂಬತ್ತಕ್ಕೆ ಬೊಜ್ಜಿನವರಾಗೋ ಸಾಧ್ಯತೆ ಹೆಚ್ಚಿತ್ತು. ಹತ್ತರಲ್ಲಿ ಅವರಿಗಿದ್ದ ತೂಕವನ್ನ ಲೆಕ್ಕಕ್ಕೆ ತಗೊಂಡ ಮೇಲೂ! ಮಾತೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ, ಒಪ್ಪಿದೆ. ಆದರೆ ಆ ಮಾತು ತೂಕ ಇಳಿಸೋ ಔಷಧಿಯಂತೂ ಅಲ್ಲ ಅಂತ ಗೊತ್ತಾಯ್ತಲ್ಲ?

"ಒಳ್ಳೇದಕ್ಕೇ ಹೇಳಿದ್ದು, ಆರೋಗ್ಯದ ಕಾಳಜಿ" ಅಂತೀರಾ? ಕಾಳಜಿ ಇದ್ದರೆ ಎಷ್ಟು ಗಂಟೆ ಮಲಗ್ತೀಯ ಅಂತ ಕೇಳಿ. ಸಂಜೆ ಒಂದು ಗಂಟೆ ಆಡೋಕೆ ಬಿಡಿ. ಮುಟ್ಟು ಏರುಪೇರಾಗಿದ್ದರೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ಮೈನೆರೆಯೋ ವಯಸ್ಸಿನಲ್ಲಿ ಹುಡುಗಿಯರ ಮೈಯಲ್ಲಿ ಕೊಬ್ಬು ಸ್ವಲ್ಪ ಹೆಚ್ಚೋದು ಸಹಜ ಅನ್ನೋದನ್ನೂ ತಿಳ್ಕೊಳ್ಳಿ. ಪಂಕ್ತಿಯಲ್ಲಿ ಕೂಗಿ ಹೇಳೋದು ಕಾಳಜಿ ಅಲ್ಲ, ಚಪಲ.

ಅಂದ ಹಾಗೆ, ಮೊನ್ನೆ ಅವಳಿಗೆ ಫೋನ್ ಮಾಡಿ, ನಕ್ಕಿದ್ದಕ್ಕೆ ಸಾರಿ ಕೇಳಿದೆ. "ಬಿಡು ಚಿಕ್ಕಿ, ನಂಗೆ ಅಭ್ಯಾಸ ಆಗಿದೆ" ಅಂದಳು. ಹದಿನೇಳು ವರ್ಷಕ್ಕೇ ಅಭ್ಯಾಸ ಆಗಿದೆಯಂತೆ!

ನಿಮ್ಮ ಮನೇಲೂ ಇಂಥಾ ಮಾತು ನಡೆಯುತ್ತಾ? ಬರೀರಿ. ಜಗಳಕ್ಕೆ ಬಂದರೂ ಸರಿ, ನಾನು ತಯಾರು :)