ಮೀನುಗಾರರ ದೋಣಿಯೂ ಎಂಜಿನಿನ ಸಾಲವೂ

ಮಳೆಗಾಲ ಸಮೀಪಿಸಿದಂತೆ ಮಲ್ಪೆ, ಗಂಗೊಳ್ಳಿಗಳ ಮನೆಗಳಿಂದ ಇಲ್ಲಿ ದುಡಿಯುವ ಅಣ್ಣತಮ್ಮಂದಿರಿಗೆ ನಾಡದೋಣಿಯ ಎಂಜಿನಿಗಾಗಿ ಹಣ ಕೇಳಿ ಕರೆ ಬರುವುದುಂಟು. ಬೆವರಿನ ಹಣ ಕಳುಹಿಸುವ ಮುನ್ನ ಕೆಲವು ಸಂಗತಿಗಳನ್ನು ವಿಚಾರಿಸುವುದು ಲೇಸೆಂದು ನಾವು ಭಾವಿಸುತ್ತೇವೆ.

ಕರ್ನಾಟಕದ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗಳಿಗೆ ವಿನಾಯಿತಿಯುಂಟು. ನೆರೆಯವನಿಗಿಂತ ದೊಡ್ಡ ಎಂಜಿನು ಬೇಕೆಂಬ ಛಲವು ಆ ಎರಡು ತಿಂಗಳ ಗಳಿಕೆಯನ್ನೇ ಕಳೆದೀತು. ದೊಡ್ಡದಕ್ಕೆ ಎಣ್ಣೆಯ ಹಸಿವೂ ಹೆಚ್ಚು. 2021ರ ಕೇಂದ್ರ ಮುಂಗಡಪತ್ರವು ಸೀಮೆಎಣ್ಣೆಯ ಸಹಾಯಧನಕ್ಕೆ ಹಣವನ್ನೇ ಇಡಲಿಲ್ಲ. ಅಗ್ಗದ ಎಣ್ಣೆಯನ್ನು ನೆಚ್ಚಿ ಸಾಲ ಮಾಡುವುದು ವಿವೇಕವಲ್ಲ.

ಜೋಡಣೆಗೆ ಮೊದಲು ದೋಣಿಯ ಹಿಂಬದಿಯ ಹಲಗೆಯನ್ನು ಅಳೆದು, 15 ಅಥವಾ 20 ಅಂಗುಲದ ಶಾಫ್ಟಿನ ಎಂಜಿನನ್ನು ಆರಿಸಬೇಕು. ಎಂಜಿನು ಮೇಲಾದರೆ ಪ್ರೊಪೆಲ್ಲರು ಗಾಳಿಯನ್ನು ಕಡೆಯುವುದು. ತೀರ ಕೆಳಗಾದರೆ ನೀರಿನ ತಡೆ ಹೆಚ್ಚಿ ಎಣ್ಣೆ ವ್ಯರ್ಥವಾಗುವುದು.

ಆರೈಕೆಯೇನೂ ಕಠಿಣವಲ್ಲ. ದಡ ಸೇರಿದೊಡನೆ ಎಂಜಿನಿನೊಳಗೆ ಸಿಹಿನೀರು ಹರಿಸಿ ಉಪ್ಪನ್ನು ತೊಳೆಯಬೇಕು. ಸೀಮೆಎಣ್ಣೆಯ ಎಂಜಿನನ್ನು ಕೊನೆಗೆ ಪೆಟ್ರೋಲಿನಲ್ಲಿ ಕೊಂಚ ಓಡಿಸಿ ನಿಲ್ಲಿಸಬೇಕು. ಗೇರಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದರೆ ಒಳಗೆ ನೀರು ಸೇರಿದೆಯೆಂದು ತಿಳಿಯಬೇಕು. ಓಡುವಾಗ ತಣಿಸುವ ನೀರು ಹೊರಗೆ ಚಿಮ್ಮದಿದ್ದರೆ ಒಡನೆ ನಿಲ್ಲಿಸಬೇಕು.

ಹೋಟೆಲಿನಲ್ಲಿ ಒಲೆ ಕೆಟ್ಟರೆ ಒಂದು ಹೊತ್ತಿನ ವ್ಯಾಪಾರ ಹೋದೀತು. ಮಳೆಗಾಲದ ಕಡಲಲ್ಲಿ ಎಂಜಿನು ಕೆಟ್ಟರೆ ಜೀವವೇ ಹೋದೀತು. ಎಂಜಿನಿಗೆ ನೆರವು ನೀಡುವ ಸರಕಾರವು ಅದರ ದುರಸ್ತಿಯನ್ನು ಬಂದರುಗಳಲ್ಲೇ ಕಲಿಸುವ ಏರ್ಪಾಡನ್ನೂ ಮಾಡಲಿ. ಹಣ ಕಳುಹಿಸುವ ನಮ್ಮವರೂ ಎಷ್ಟು ಅಶ್ವಶಕ್ತಿಯೆಂದು ಕೇಳಿ ಸುಮ್ಮನಾಗದೆ, ನೋಡಿಕೊಳ್ಳುವವರಾರೆಂದೂ ಕೇಳಲಿ.