ತುಳಸಿ ಒಣಗಿದ್ದು ಯಾರ ತಪ್ಪು?

ಕಾರ್ತಿಕ ಮಾಸದ ತುಳಸಿ ಪೂಜೆ ಸಾಮಾನ್ಯವಾಗಿ ನವೆಂಬರಿನಲ್ಲಿ ಬರುತ್ತದೆ. ಪಕ್ಕದಲ್ಲಿ ಬೆಟ್ಟದ ನೆಲ್ಲಿಯ ಕೊಂಬೆ ನೆಟ್ಟು, ಕಟ್ಟೆಗೆ ಸುಣ್ಣ ಕೆಮ್ಮಣ್ಣು ಬಳಿದು, ದೀಪ ಹಚ್ಚಿ ಪೂಜಿಸಿದ ಗಿಡ ಸಂಕ್ರಾಂತಿಯ ಹೊತ್ತಿಗೆ ಎಲೆ ಉದುರಿಸಿ ಬರೀ ಕಡ್ಡಿಯಾಗಿ ನಿಂತಿರುವುದನ್ನು ನಮ್ಮ ಸಮೇತನಹಳ್ಳಿಯ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಗಿಡ ಒಣಗಿದ್ದು ಒಂದು ನಷ್ಟ. ಆಮೇಲೆ ಮನೆಯೊಳಗೆ ನಡೆಯುವ ವಿಚಾರಣೆ ಅದಕ್ಕಿಂತ ಕಷ್ಟದ್ದು. ಹೊಸದಾಗಿ ಬಂದ ಸೊಸೆಯ ಕಾಲ್ಗುಣ ಎನ್ನುವವರಿದ್ದಾರೆ. ಯಾರದೋ ದೃಷ್ಟಿ ತಾಗಿತು ಎನ್ನುವವರಿದ್ದಾರೆ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಪಾಠ ಮುಗಿದ ಮೇಲೆ ಹಿಂದೆ ಉಳಿದು ಕೇಳಿದಳು: ‘ಸಾರ್, ಮುಟ್ಟಾದವರು ಮುಟ್ಟಿದ್ರೆ ತುಳಸಿ ಒಣಗೋಗುತ್ತಾ? ನಮ್ಮಜ್ಜಿ ನನ್ನಿಂದಾನೇ ಆಯ್ತು ಅಂತಾರೆ.’ ನಾನು ಎರಡು ಪ್ರಶ್ನೆ ಕೇಳಿದೆ. ಕಟ್ಟೆಯ ತಳದಲ್ಲಿ ತೂತು ಇದೆಯೇ? ದಿನಕ್ಕೆ ಎಷ್ಟು ನೀರು ಹಾಕುತ್ತೀರಿ? ಅಂಗಡಿಯಿಂದ ತಂದ ಸಿಮೆಂಟಿನ ಕಟ್ಟೆ, ತೂತು ಇಲ್ಲ. ಬೆಳಿಗ್ಗೆ ಅಜ್ಜಿ ಒಂದು ಚೊಂಬು ಹಾಕುತ್ತಾರೆ, ಸಂಜೆ ಅಮ್ಮ ಇನ್ನೊಂದು. ಅವಳ ಪ್ರಶ್ನೆಗೆ ಉತ್ತರ ಆ ಎರಡು ಚೊಂಬಿನಲ್ಲೇ ಇತ್ತು.

ಲೆಕ್ಕ ಮಾಡಿ ನೋಡೋಣ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಕಟ್ಟೆಯಲ್ಲಿ ಸುಮಾರು 28 ಲೀಟರ್ ಮಣ್ಣು ಹಿಡಿಯುತ್ತದೆ. ಮಣ್ಣೆಂದರೆ ಪೂರ್ತಿ ಘನವಲ್ಲ. ಅದರ ಹೆಚ್ಚುಕಡಿಮೆ ಅರ್ಧ ಭಾಗ ಕಣಗಳ ನಡುವಿನ ಖಾಲಿ ಜಾಗ. ಅಂದರೆ 14 ಲೀಟರ್. ಒಳ್ಳೆಯ ಮಣ್ಣಿನಲ್ಲಿ ಈ ಜಾಗದ ಒಂದು ಭಾಗದಲ್ಲಿ ನೀರಿದ್ದರೆ ಇನ್ನೊಂದು ಭಾಗದಲ್ಲಿ ಗಾಳಿ ಇರುತ್ತದೆ. ಈಗಾಗಲೇ ಅರ್ಧ ತುಂಬಿದೆ ಎಂದಿಟ್ಟುಕೊಂಡರೆ ಉಳಿದದ್ದು 7 ಲೀಟರ್. ದಿನಕ್ಕೆ ಎರಡು ಚೊಂಬಿನಿಂದ ಒಂದೂವರೆ ಲೀಟರ್ ಸುರಿದು, ಅದರಲ್ಲಿ ಒಂದು ಲೀಟರ್ ಆವಿಯಾಗಿಯೂ ಗಿಡ ಹೀರಿಯೂ ಹೋಯಿತು ಎನ್ನೋಣ. ಆಗಲೂ ಹದಿನಾಲ್ಕೇ ದಿನಕ್ಕೆ ಕಟ್ಟೆ ತುಂಬುತ್ತದೆ. ಮಣ್ಣಿನಲ್ಲಿ ಗಾಳಿಗೆ ಜಾಗವೇ ಉಳಿಯುವುದಿಲ್ಲ.

ಗಾಳಿ ಹೋದರೆ ಬೇರಿಗೇನು ಎಂದು ಮಕ್ಕಳು ಕೇಳಬಹುದು. ಗಿಡ ಹಗಲು ಇಂಗಾಲದ ಡೈಆಕ್ಸೈಡ್ ತೆಗೆದುಕೊಂಡು ಆಮ್ಲಜನಕ ಬಿಡುತ್ತದೆ ಎಂಬ ಒಂದೇ ಸಾಲನ್ನು ಕಂಠಪಾಠ ಮಾಡಿಸಿ, ಬೇರೂ ಉಸಿರಾಡುತ್ತದೆ ಎಂಬುದನ್ನು ಹೇಳದೆ ಬಿಡುವುದರ ಫಲ ಇದು. ಬೇರಿನಲ್ಲಿ ಹಸಿರಿಲ್ಲ, ಬೆಳಕಿಲ್ಲ. ಅದು ಆಹಾರ ತಯಾರಿಸುವುದಿಲ್ಲ. ಎಲೆಯಿಂದ ಇಳಿದು ಬಂದ ಸಕ್ಕರೆಯನ್ನು ನಮ್ಮ ಹಾಗೆಯೇ ಆಮ್ಲಜನಕದ ಸಹಾಯದಿಂದ ಉರಿಸಿ ಶಕ್ತಿ ಪಡೆಯುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ಒಂದು ಲೀಟರ್ ನೀರಿನಲ್ಲಿ ಕರಗಿರಬಲ್ಲದ್ದು ಹೆಚ್ಚೆಂದರೆ 8 ಮಿಲಿಗ್ರಾಂ. ಅದೂ ನೀರಿನೊಳಗೆ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ನಿಂತ ನೀರಿನಲ್ಲಿ ಇದ್ದಬದ್ದ ಆಮ್ಲಜನಕ ಬೇಗ ಮುಗಿಯುತ್ತದೆ.

ಇಲ್ಲಿ ಗಿಡ ನಮ್ಮನ್ನು ಮೋಸಗೊಳಿಸುತ್ತದೆ. ಉಸಿರು ಕಟ್ಟಿದ ಬೇರು ಕೆಲಸ ನಿಲ್ಲಿಸುವುದರಿಂದ, ಸುತ್ತ ನೀರಿದ್ದರೂ ಅದನ್ನು ಸರಿಯಾಗಿ ಹೀರಲಾರದು. ಎಲೆಗಳು ಬಾಡಿ ಜೋಲುತ್ತವೆ. ನೋಡಿದವರಿಗೆ ಬಾಯಾರಿದ ಗಿಡದ ಹಾಗೆಯೇ ಕಾಣುತ್ತದೆ. ಅಯ್ಯೋ ಪಾಪ ಎಂದು ಇನ್ನೊಂದು ಚೊಂಬು ಸುರಿಯುತ್ತಾರೆ. ಸೊರಗಿದ ಬೇರಿಗೆ ಪಿಥಿಯಂ, ಫೈಟಾಫ್ತೊರದಂಥ ಜೀವಿಗಳು ಹತ್ತುತ್ತವೆ. ಇವುಗಳ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಮಲೆನಾಡಿನ ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆರೋಗಕ್ಕೂ ಫೈಟಾಫ್ತೊರವೇ ಕಾರಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು 1910ರಲ್ಲೇ ವಿವರಿಸಿ ಬರೆದಿದ್ದರು. ನಿಮ್ಮ ಗಿಡ ಸತ್ತದ್ದು ಬಾಯಾರಿಕೆಯಿಂದಲೋ ನೀರು ಹೆಚ್ಚಾಗಿಯೋ ಎಂದು ತಿಳಿಯಬೇಕಾದರೆ ಅದನ್ನು ಕಿತ್ತು ಮೂಸಿ ನೋಡಿ. ಬೇರು ಕಂದು ಕಪ್ಪಾಗಿ, ಸಿಪ್ಪೆ ಜಾರಿ, ಮಣ್ಣು ಕೊಳೆತ ಮೊಟ್ಟೆಯಂತೆ ನಾರಿದರೆ ಅದು ಮುಳುಗಿ ಸತ್ತ ಗಿಡ.

ಹಾಗಾದರೆ ತೂತು ಕೊರೆದರೆ ಆಯಿತಲ್ಲ? ಮುಕ್ಕಾಲು ಪಾಲು ಆಯಿತು, ಪೂರ್ತಿ ಅಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಹಿಂಡದೆ, ನಿಧಾನವಾಗಿ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಇಳಿಯುತ್ತದೆ! ಸ್ಪಂಜು ಅದೇ, ಅದರ ಎತ್ತರ ಮಾತ್ರ ಹೆಚ್ಚಾಯಿತು. ದೀಪದ ಬತ್ತಿ ಎಣ್ಣೆಯನ್ನು ಹಿಡಿದುಕೊಳ್ಳುವ ಹಾಗೆ ಮಣ್ಣಿನ ಸಣ್ಣ ಸಣ್ಣ ಸಂದುಗಳು ನೀರನ್ನು ಹಿಡಿದಿಡುತ್ತವೆ. ತೂತು ಇದ್ದರೂ ಕುಂಡದ ತಳದಲ್ಲಿ ಒಂದಷ್ಟು ಎತ್ತರದವರೆಗೆ ಮಣ್ಣು ನೀರು ಕುಡಿದೇ ಇರುತ್ತದೆ. ಆ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ಕಣಗಳ ಗಾತ್ರ, ಕುಂಡದ ಗಾತ್ರವಲ್ಲ. ಆದ್ದರಿಂದ ಗಿಡ್ಡ ಕುಂಡದಲ್ಲಿ ಬೇರಿಗೆ ಉಳಿಯುವ ಒಣ ಜಾಗ ಕಡಿಮೆ, ಎತ್ತರದ ಕುಂಡದಲ್ಲಿ ಹೆಚ್ಚು.

ತಳಕ್ಕೆ ಎರಡು ಅಂಗುಲ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ನರ್ಸರಿಯವರೂ ಹೇಳುತ್ತಾರೆ, ಪುಸ್ತಕಗಳೂ ಹೇಳುತ್ತವೆ. ಅದು ಸರಿಯಲ್ಲ. ಸಣ್ಣ ಸಂದಿನಲ್ಲಿ ಹಿಡಿದ ನೀರು ಅಲ್ಲಿ ಪೂರ್ತಿ ತುಂಬುವ ತನಕ ದೊಡ್ಡ ಸಂದಿಗೆ ಇಳಿಯುವುದಿಲ್ಲ. ಒದ್ದೆ ಪದರ ಜಲ್ಲಿಯ ಮೇಲೇ ನಿಲ್ಲುತ್ತದೆ, ಬೇರಿಗೆ ಎರಡು ಅಂಗುಲ ಹತ್ತಿರ ಬಂದಂತಾಯಿತು ಅಷ್ಟೆ. ಮಣ್ಣು ಕೊಚ್ಚಿ ಹೋಗದಂತೆ ತೂತಿನ ಮೇಲೆ ಬೋರಲಾಗಿ ಇಡುವ ಒಂದು ಹೆಂಚಿನ ಚೂರು ಸಾಕು.

ಹಳೆಯ ಹೆಂಚಿನ ಮನೆಗಳ ಅಂಗಳದಲ್ಲಿ ಎಷ್ಟೋ ಕಟ್ಟೆಗಳಿಗೆ ತಳವೇ ಇರುತ್ತಿರಲಿಲ್ಲ. ಒಳಗಿನ ಮಣ್ಣು ಕೆಳಗಿನ ನೆಲಕ್ಕೇ ಕೂಡಿಕೊಂಡಿರುತ್ತಿತ್ತು. ಮೇಲಿನ ನೀರನ್ನು ಕೆಳಗಿನ ಒಣ ಮಣ್ಣು ಎಳೆದುಕೊಳ್ಳುತ್ತಿತ್ತು. ದಿನಕ್ಕೆ ಎರಡು ಚೊಂಬು ಹಾಕುವ ವಾಡಿಕೆ ಅಂಥ ಕಟ್ಟೆಗೆ ಹೊಂದುತ್ತಿತ್ತು. ಈಗ ತಾರಸಿ ಮನೆ ಬಂತು, ಅಂಗಳಕ್ಕೆ ಟೈಲ್ಸ್ ಬಂತು, ಅದರ ಮೇಲೆ ತಳವಿರುವ ಸಿಮೆಂಟಿನ ಕಟ್ಟೆ ಕೂತಿತು. ಚೊಂಬು ಮಾತ್ರ ಹಾಗೇ ಉಳಿದಿದೆ.

ಈ ಕಟ್ಟೆಗಳನ್ನು ಎಸೆಯಬೇಕಾಗಿಲ್ಲ. ಡ್ರಿಲ್ಲಿಂಗ್ ಮೆಷಿನ್ ಇರುವವರನ್ನು ಕರೆಸಿ ತಳಕ್ಕೆ ತಾಗಿದಂತೆ ಪಕ್ಕದಲ್ಲಿ ಎರಡು ಮೂರು ಕಡೆ ಅರ್ಧ ಅಂಗುಲದ ತೂತು ಹಾಕಿಸಿ. ಅದು ಮನಸ್ಸಿಗೆ ಒಪ್ಪದಿದ್ದರೆ ಕಟ್ಟೆಯೊಳಗೆ ಇಟ್ಟಿಗೆ ಚೂರುಗಳ ಮೇಲೆ ಒಂದು ಮಣ್ಣಿನ ಕುಂಡ ಇಟ್ಟು ಅದರಲ್ಲಿ ಗಿಡ ನೆಡಿ, ಕೆಳಗೆ ನಿಂತ ನೀರನ್ನು ಆಗಾಗ ತೆಗೆಯಿರಿ. ಮಣ್ಣಿನ ಕುಂಡದ ಗೋಡೆಯಿಂದಲೂ ನೀರು ಆವಿಯಾಗುವುದರಿಂದ ಪ್ಲಾಸ್ಟಿಕ್ಕಿಗಿಂತ ಅದು ವಾಸಿ.

ನಮ್ಮ ಕೆಂಪು ಮಣ್ಣು ಹೊಲದಲ್ಲಿ ಚೆನ್ನಾಗಿಯೇ ಬಸಿಯುತ್ತದೆ. ಆದರೆ ಕುಂಡದಲ್ಲಿ ದಿನಾ ನೀರು ಬಿದ್ದು ಬಿದ್ದು ಮೇಲೆ ಹೆಪ್ಪುಗಟ್ಟುತ್ತದೆ, ಒಳಗೆ ಒತ್ತಿಕೊಳ್ಳುತ್ತದೆ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು ಸೇರಿಸಿ. ಮರಳು ಸಿಗದವರು ಎಂ-ಸ್ಯಾಂಡ್ ಹಾಕುತ್ತಾರೆ. ಅದರ ಕಲ್ಲಿನ ಹಿಟ್ಟು ಸಂದುಗಳನ್ನೇ ಮುಚ್ಚುತ್ತದೆ, ತೊಳೆದು ಹಾಕಬೇಕು. ನನ್ನನ್ನು ಕೇಳಿದರೆ ಅದಕ್ಕಿಂತ ಇಟ್ಟಿಗೆಯನ್ನು ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿ ಪುಡಿ ಜರಡಿ ಹಿಡಿದು ಹಾಕುವುದು ಮೇಲು. ಪಕ್ಕದ ಮಾಲೂರು ಹೆಂಚು ಇಟ್ಟಿಗೆಗೆ ಹೆಸರಾದ ಊರು, ಒಡಕು ಇಟ್ಟಿಗೆಗೆ ನಮ್ಮಲ್ಲಿ ಬರವಿಲ್ಲ.

ನೀರು ಹಾಕುವುದಕ್ಕೆ ಗಡಿಯಾರ ಬೇಡ, ಬೆರಳು ಸಾಕು. ಎರಡು ಗೆಣ್ಣಿನಷ್ಟು ಆಳಕ್ಕೆ ಬೆರಳು ತೂರಿಸಿ, ತೇವ ತಗಲಿದರೆ ಆ ದಿನ ಬಿಡಿ. ಒಣಗಿದ್ದರೆ ಕೆಳಗಿನ ತೂತಿನಿಂದ ಹೊರಬರುವ ತನಕ ಹಾಕಿ. ದಿನಾ ಪೂಜೆಗೆ ನೀರು ಹಾಕಲೇಬೇಕು ಎನ್ನುವ ಹಿರಿಯರಿಗೆ ಒಂದು ಉದ್ಧರಣೆಯಷ್ಟು ಸಾಕಲ್ಲವೇ ಎಂದು ವಿನಯವಾಗಿ ಕೇಳಿ, ಒಪ್ಪುತ್ತಾರೆ. ಹಾಲನ್ನಂತೂ ಬುಡಕ್ಕೆ ಸುರಿಯಬಾರದು, ಅದು ಹುಳಿತು ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ.

ನೀರೊಂದೇ ಕಾರಣವೆಂದು ಹೇಳಲಾರೆ. ಡಿಸೆಂಬರ್ ಜನವರಿಯಲ್ಲಿ ನಮ್ಮ ಕಡೆ ರಾತ್ರಿಯ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ತುಳಸಿ ಬೆಚ್ಚಗಿನ ಹವೆಯ ಗಿಡ, ಚಳಿಗೆ ಬೆಳವಣಿಗೆ ನಿಧಾನಿಸಿ ನೀರು ಕುಡಿಯುವುದೂ ಕಡಿಮೆಯಾಗುತ್ತದೆ. ಹೂತೆನೆಗಳನ್ನು ಚಿವುಟದೆ ಬೀಜ ಕಟ್ಟಲು ಬಿಟ್ಟರೆ ಗಿಡ ಬೇಗ ಮುದಿಯಾಗುತ್ತದೆ. ಅದರ ಆಯಸ್ಸೇ ಕೆಲವು ವರ್ಷ. ಈ ಯಾವುದರಲ್ಲಿಯೂ ಮುಟ್ಟಿದವರ ಪಾತ್ರವಿಲ್ಲ.

ಮಾತಿಗಿಂತ ಪ್ರಯೋಗ ಮೇಲು. ಎರಡು ಪ್ಲಾಸ್ಟಿಕ್ ಲೋಟ ತೆಗೆದುಕೊಂಡು ಒಂದರ ತಳಕ್ಕೆ ನಾಲ್ಕು ತೂತು ಮಾಡಿ. ಎರಡಕ್ಕೂ ಒಂದೇ ಮಣ್ಣು ತುಂಬಿ, ಐದೈದು ಹೆಸರುಕಾಳು ಹಾಕಿ. ಮೊಳಕೆ ಎದ್ದ ಮೇಲೆ ದಿನವೂ ಎರಡಕ್ಕೂ ಅಷ್ಟಷ್ಟೇ ನೀರು ಹಾಕಿ, ಒಬ್ಬರೇ ಹಾಕಿ, ಒಂದೇ ಕಡೆ ಇಡಿ. ಹದಿನೈದು ದಿನದ ಎತ್ತರ, ಎಲೆಯ ಬಣ್ಣ ಬರೆದಿಟ್ಟು ಕೊನೆಗೆ ಬೇರು ತೊಳೆದು ಅಜ್ಜಿಗೆ ತೋರಿಸಿ.

ಭತ್ತ ನೀರಿನಲ್ಲೇ ನಿಂತಿರುತ್ತದಲ್ಲ ಸಾರ್, ಅದಕ್ಕೇಕೆ ಏನೂ ಆಗುವುದಿಲ್ಲ ಎಂದು ಚುರುಕಿನ ಮಕ್ಕಳು ಕೇಳುತ್ತಾರೆ. ಕೇಳಬೇಕು. ತಾವರೆಯ ದಂಟನ್ನು ಅಡ್ಡಲಾಗಿ ಕತ್ತರಿಸಿದರೆ ಒಳಗೆ ಕೊಳವೆಗಳಂಥ ರಂಧ್ರಗಳು ಕಾಣುತ್ತವೆ. ಭತ್ತದ ಕಾಂಡ, ಬೇರುಗಳಲ್ಲಿಯೂ ಅಂಥ ಗಾಳಿದಾರಿಗಳಿವೆ. ಎಲೆಯಿಂದ ಗಾಳಿ ಆ ದಾರಿಯಾಗಿ ಇಳಿದು ಬೇರಿನ ತುದಿಗೆ ಸೇರುತ್ತದೆ. ತುಳಸಿಗೆ ಆ ಅನುಕೂಲವಿಲ್ಲ, ಅದರ ಬೇರಿಗೆ ಬೇಕಾದ ಗಾಳಿ ಮಣ್ಣಿನ ಸಂದುಗಳಿಂದಲೇ ಬರಬೇಕು.